ಗಾಳಿ ಹೋದರೂ ಓಡುವ ಟೈರು: ಸೂಚನೆಯಲ್ಲಿ ಕಾರಣವೆಲ್ಲಿ?

ಮದುವೆ ಮನೆಯಲ್ಲಿ ಬಳೆಗಾರ ಬಳೆ ತೊಡಿಸುವುದನ್ನು ನೀವು ನೋಡಿರುತ್ತೀರಿ. ಗಾಜಿನ ಬಳೆ ಹಿಗ್ಗುವುದಿಲ್ಲ, ಅಂಗೈಯ ಗಿಣ್ಣುಗಳಿರುವ ಭಾಗ ಬಳೆಗಿಂತ ಅಗಲ. ಆದರೂ ಬಳೆ ಒಳಗೆ ಹೋಗುತ್ತದೆ. ಆತ ಮಾಡುವುದಿಷ್ಟೆ. ಕೈಗೆ ಸಾಬೂನು ಹಚ್ಚುತ್ತಾನೆ, ಹೆಬ್ಬೆರಳನ್ನು ಅಂಗೈಯ ತಗ್ಗಿಗೆ ಮಡಿಸುತ್ತಾನೆ, ಬಳೆಯನ್ನು ಓರೆ ಹಿಡಿದು ಒಂದು ಬದಿಯ ಗಿಣ್ಣನ್ನು ಮೊದಲು ದಾಟಿಸಿ ಆಮೇಲೆ ಇನ್ನೊಂದು ಬದಿಯನ್ನು ದಾಟಿಸುತ್ತಾನೆ. ಬಿಗಿಯೆನಿಸಿದರೆ ಒತ್ತುವುದನ್ನು ನಿಲ್ಲಿಸಿ ಹೆಬ್ಬೆರಳು ಸರಿಯಾಗಿ ಮಡಿಸಿದೆಯೇ ಎಂದು ನೋಡುತ್ತಾನೆ. ಬಲ ಹಾಕಿದರೆ ಬಳೆ ಒಡೆಯುತ್ತದೆ, ಕೈಗೂ ಗಾಯವಾಗುತ್ತದೆ.

ಕಾರಿನ ಟೈರನ್ನು ಗಾಲಿಗೆ ಏರಿಸುವ ಕೆಲಸವೂ ಇದೇ. ಇದನ್ನು ನಾನು ತಿಳಿದುಕೊಂಡದ್ದು ತಡವಾಗಿ, ಅದೂ ಒಂದು ಟೈರನ್ನು ಹಾಳುಮಾಡಿದ ಮೇಲೆ. ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಮೂವತ್ತು ವರ್ಷ ಸನ್ನೆಯ ಪಾಠ ಹೇಳಿದವನೊಬ್ಬ ಇದಕ್ಕೆ ಕೈಜೋಡಿಸಿದ್ದನೆಂಬುದು ನನ್ನ ವಿದ್ಯಾರ್ಥಿಗಳಿಗೆ ತಮಾಷೆಯಾಗಿ ಕಾಣಬಹುದು.

ನನ್ನ ತಂಗಿಯ ಮನೆ ಭಾಲ್ಕಿ ತಾಲ್ಲೂಕಿನ ಹಲಬರ್ಗಾದಲ್ಲಿದೆ. ಬೀದರಿನಿಂದ ರೈಲಿನಲ್ಲಿ ಭಾಲ್ಕಿಗೆ ಹೋಗುವವರು ಈ ನಿಲ್ದಾಣವನ್ನು ಕಂಡಿರುತ್ತೀರಿ. ಕೆಲವು ವರ್ಷಗಳ ಹಿಂದೆ ಜನವರಿಯಲ್ಲಿ ಅಲ್ಲಿ ಒಂದು ಮದುವೆ. ಹೈದರಾಬಾದಿನಿಂದ ಬಂದ ಬೀಗರ ಕಾರಿನ ಗಾಲಿಗೆ ಮೊಳೆ ಹೊಕ್ಕಿತ್ತು. ಕಾರಿನಲ್ಲಿ ಸ್ಟೆಪ್ನಿ ಇರಲಿಲ್ಲ. ಅದು ಗಾಳಿ ಹೋದರೂ ಓಡುವ, ರನ್‌ಫ್ಲಾಟ್ ಎಂದು ಕರೆಯುವ ಬಗೆಯ ಟೈರು. ಬೆಳಿಗ್ಗೆ ಏಳು ಗಂಟೆಗೆ ಅದನ್ನು ರಸ್ತೆ ಬದಿಯ ಪಂಕ್ಚರ್ ಅಂಗಡಿಗೆ ಒಯ್ದೆವು. ಅಂಗಡಿಯ ಉಸ್ತಾದ ಊರಲ್ಲಿರಲಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬನಿದ್ದ. ಟ್ರ್ಯಾಕ್ಟರ್, ಜೀಪು, ಟೆಂಪೊಗಳ ಟ್ಯೂಬುಳ್ಳ ಟೈರುಗಳಲ್ಲಿ ಪಳಗಿದ ಕೈ ಅವನದು. ಟೈರು ಬಿಚ್ಚುವುದಕ್ಕೇ ಸಾಕುಸಾಕಾಯಿತು. ತೇಪೆ ಹಾಕಿ ಮತ್ತೆ ಏರಿಸುವಾಗ ಒಂದು ಅಂಚು ಒಳಗೆ ಹೋಯಿತು, ಎರಡನೆಯದು ಮುಕ್ಕಾಲು ಭಾಗ ಹೋಗಿ ನಿಂತಿತು. “ಇದು ಬಗ್ಗವಲ್ದ್ರಿ ಸರ್” ಎಂದ. ನಾನು ಒಂದು ಸಲಾಕೆ ಹಿಡಿದೆ, ಅವನೊಂದು ಹಿಡಿದ. “ಹಾಕು ಜೋರು” ಎಂದವನು ನಾನೇ. ಟಪ್ಪೆಂದು ಅಂಚು ದಾಟಿತು. ನಮಗೆ ಸಂತೋಷವೋ ಸಂತೋಷ.

ಕಾರಿನ ಮುಂದಿನ ಫಲಕದಲ್ಲಿ ಟೈರಿನ ಒತ್ತಡ ಸೂಚಿಸುವ ದೀಪ ಮಾತ್ರ ಆರಲಿಲ್ಲ. ದೀಪವೇ ಕೆಟ್ಟಿರಬೇಕು ಎಂದುಕೊಂಡು ಬೀಗರು ಹೊರಟುಹೋದರು. ಮೂರು ವಾರ ಕಳೆದ ಮೇಲೆ ಹೈದರಾಬಾದಿನಲ್ಲಿ ಆ ಟೈರು ಬಿಚ್ಚಿದಾಗ ಒಳಗಿನ ಒತ್ತಡ ಸಂವೇದಕದ ಪ್ಲಾಸ್ಟಿಕ್ ಪೆಟ್ಟಿಗೆ ಮುರಿದಿತ್ತು. ಅಂಚಿನ ರಬ್ಬರು ಒಂದು ಗೇಣು ಉದ್ದ ಕಿತ್ತುಬಂದು ಒಳಗಿನ ಉಕ್ಕಿನ ತಂತಿ ತುಕ್ಕು ಹಿಡಿಯತೊಡಗಿತ್ತು. ಮೊಳೆಯ ತೂತಿನ ತೇಪೆ ಮಾತ್ರ ಭದ್ರವಾಗಿತ್ತು! ಎಲ್ಲರೂ ಹುಡುಗನನ್ನು ಬೈದರು. ಅವನ ತಿಂಗಳ ಗಳಿಕೆಗಿಂತ ಆ ಟೈರಿನ ಬೆಲೆ ಹೆಚ್ಚು.

ಅಂಗಡಿಯ ಗೋಡೆಯ ಮೇಲೆ ಆಗಲೂ ಒಂದು ಚಿತ್ರಪಟವಿತ್ತು. ಟೈರು ಮಾರುವವರು ಕೊಟ್ಟದ್ದು, ಇಂಗ್ಲಿಷಿನಲ್ಲಿ ಎಂಟು ಸಾಲು. ಈ ಲೇಖನದಲ್ಲಿ ನಾನು ವಿಮರ್ಶಿಸಹೊರಟಿರುವುದು ಆ ಬಗೆಯ ಸೂಚನೆಗಳನ್ನು, ಜೊತೆಗೆ ಅವುಗಳಿಗೆ ಎದುರಾಗಿ ನಿಲ್ಲಬೇಕಾಗಿದ್ದ ನಮ್ಮ ಸನ್ನೆಯ ಪಾಠವನ್ನು. ಆ ಎಂಟು ಸಾಲುಗಳಲ್ಲಿ ತಪ್ಪು ಒಂದೂ ಇರಲಿಲ್ಲ. ತರಬೇತಿ ಪಡೆದವರೇ ಮಾಡಬೇಕು, ಅತಿಯಾದ ಬಲ ಹಾಕಬಾರದು, ಟೈರು 15 ಡಿಗ್ರಿಗಿಂತ ತಣ್ಣಗಿರಬಾರದು, ಲೇಪನ ಹಚ್ಚಬೇಕು, ಕವಾಟದ ಬಳಿ ಉಪಕರಣ ತಾಗಿಸಬಾರದು, ರಿಮ್ಮಿನ ತಗ್ಗನ್ನು ಬಳಸಬೇಕು, ಗಾಳಿ 3.3 ಬಾರ್ ಮೀರಬಾರದು, ಹಾಳಾದ ಟೈರನ್ನು ಮತ್ತೆ ಹಾಕಬಾರದು. ಎಲ್ಲವೂ ಸರಿ. ಆದರೆ ಒಂದಕ್ಕೂ ಕಾರಣವಿಲ್ಲ. ಉಳಿದ ಏಳಕ್ಕೂ ತಾಯಿಯಾದ ಸಾಲು ಆರನೆಯ ಸ್ಥಾನದಲ್ಲಿ ಮೂರು ಪದಗಳಾಗಿ ಕುಳಿತಿದೆ.

ಆ ಆರನೆಯ ಸಾಲಿನಿಂದಲೇ ಆರಂಭಿಸೋಣ. ಟೈರಿನ ಒಳ ಅಂಚಿಗೆ ಬೀಡ್ ಎಂದು ಹೆಸರು. ಅದರೊಳಗೆ ಉಕ್ಕಿನ ತಂತಿಗಳ ಒಂದು ಬಳೆ ಇರುತ್ತದೆ. 16 ಅಂಗುಲದ ಗಾಲಿಯನ್ನು ತೆಗೆದುಕೊಳ್ಳಿ. ಬೀಡ್ ಕೂರುವ ಪೀಠದ ವ್ಯಾಸ 405.6 ಮಿಮೀ. ಗಾಲಿಯ ಹೊರ ಅಂಚು ಈ ಪೀಠಕ್ಕಿಂತ ಸುಮಾರು 17.5 ಮಿಮೀ ಎತ್ತರವಾಗಿರುತ್ತದೆ, ಅಂದರೆ ಅಂಚಿನ ವ್ಯಾಸ 440.6 ಮಿಮೀ. ಪರಿಧಿಗಳನ್ನು ಲೆಕ್ಕ ಹಾಕಿದರೆ ಒಂದು 1274 ಮಿಮೀ, ಇನ್ನೊಂದು 1384 ಮಿಮೀ. ಬೀಡ್ ಅನ್ನು ಹಿಗ್ಗಿಸಿಯೇ ಅಂಚು ದಾಟಿಸುವುದಾದರೆ ಅದು 110 ಮಿಮೀ, ಎಂದರೆ ಶೇಕಡ 8.6ರಷ್ಟು ಹಿಗ್ಗಬೇಕು. ಉಕ್ಕಿನ ಯಂಗ್ ಗುಣಾಂಕ ಸುಮಾರು 200 ಗಿಗಾಪಾಸ್ಕಲ್; ಬೀಡ್ ತಂತಿ ತಾಳಬಲ್ಲ ಎಳೆತ ಸುಮಾರು 2 ಗಿಗಾಪಾಸ್ಕಲ್. ಭಾಗಿಸಿ ನೋಡಿ, ಸ್ಥಿತಿಸ್ಥಾಪಕವಾಗಿ ಅದು ಹಿಗ್ಗಬಲ್ಲದ್ದು ಹೆಚ್ಚೆಂದರೆ ಶೇಕಡ 1. ಆದ್ದರಿಂದ ಸಲಾಕೆಗೆ ಎಷ್ಟು ಜನ ಜೋತುಬಿದ್ದರೂ ಟೈರಿನ ಬಳೆ ಹಿಗ್ಗಿ ಒಳಗೆ ಹೋಗುವ ಪ್ರಶ್ನೆಯೇ ಇಲ್ಲ.

ಹಾಗಾದರೆ ಟೈರು ಏರುವುದು ಹೇಗೆ? ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗು ಇದೆ. ಬಳೆಗಾರ ಹೆಬ್ಬೆರಳನ್ನು ಮಡಿಸುವ ಅಂಗೈಯ ತಗ್ಗಿಗೆ ಸಮನಾದದ್ದು ಇದು. ಬೀಡ್‌ನ ಒಂದು ಬದಿ ಈ ತಗ್ಗಿಗೆ ಇಳಿದರೆ, ಇಡೀ ಬಳೆ ಆ ಕಡೆಗೆ ಸರಿದು ಎದುರು ಬದಿಯಲ್ಲಿ ಸಡಿಲ ದೊರೆಯುತ್ತದೆ. ಲೆಕ್ಕ ಸರಳ. ತಗ್ಗಿನ ಆಳ ಅಂಚಿನ ಎತ್ತರಕ್ಕಿಂತ ಹೆಚ್ಚಿದ್ದರೆ ಬಳೆ ಹಿಗ್ಗದೆಯೇ ದಾಟುತ್ತದೆ. ಗುಜರಿಯಿಂದ ತಂದ ಒಂದು ರಿಮ್ಮನ್ನು ನಾನು ಅಳೆದಾಗ ತಗ್ಗಿನ ಆಳ ಸುಮಾರು 22 ಮಿಮೀ ಬಂತು. ಅಂದರೆ ನಮಗಿರುವ ಸಡಿಲ 22ರಲ್ಲಿ 17.5 ಕಳೆದರೆ ಉಳಿಯುವ 4.5 ಮಿಮೀ. ಇಷ್ಟೇ ಬಂಡವಾಳ.

ಇದರಲ್ಲೂ ಒಂದು ಸೋರಿಕೆಯಿದೆ. ತಗ್ಗು ಅಂಚಿನ ಪಕ್ಕದಲ್ಲೇ ಇರದೆ ಸ್ವಲ್ಪ ದೂರದಲ್ಲಿರುವುದರಿಂದ ಬಳೆ ಓರೆಯಾಗಿ ನಿಲ್ಲಬೇಕು. ಓರೆಯಾದ ಬಳೆಯ ಅಡ್ಡಳತೆ ಕಡಿಮೆ. ಪೈಥಾಗೊರಸನನ್ನು ಕರೆಯಿರಿ: ತಗ್ಗು 50 ಮಿಮೀ ದೂರದಲ್ಲಿದ್ದರೆ 405.6ರ ವ್ಯಾಸ 402.5 ಆಗುತ್ತದೆ, ನಷ್ಟ 3.1 ಮಿಮೀ. ನಮ್ಮ 4.5ರೊಳಗೆ ಅದು ಹೇಗೋ ಹೊಂದುತ್ತದೆ. ದೂರ 100 ಮಿಮೀ ಆದರೆ ವ್ಯಾಸ 393.1ಕ್ಕೆ ಇಳಿಯುತ್ತದೆ, ನಷ್ಟ 12.5 ಮಿಮೀ. ಬಂಡವಾಳ ಮುಗಿದು ಸಾಲ ಶುರು. ಗಾಲಿಯಲ್ಲಿ ತಗ್ಗು ಸಾಮಾನ್ಯವಾಗಿ ನಟ್ಟನಡುವೆ ಇರದೆ ಒಂದು ಬದಿಗೆ ಹತ್ತಿರವಿರುತ್ತದೆ. ಟೈರನ್ನು ಆ ಹತ್ತಿರದ ಬದಿಯಿಂದಲೇ ಏರಿಸಬೇಕು, ಇಳಿಸಬೇಕು ಎಂದು ಅನುಭವಿಗಳು ಹೇಳುವುದು ಇದಕ್ಕೇ. ನನ್ನ ಲೆಕ್ಕ ಸರಳೀಕರಿಸಿದ್ದು ನಿಜ. ಬೀಡ್ ಗೆರೆಯಲ್ಲ, ಅದಕ್ಕೆ ದಪ್ಪವಿದೆ, ಮೇಲಿನ ರಬ್ಬರು ತುಸು ಅದುಮಿಕೊಳ್ಳುತ್ತದೆ. ಆದರೂ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಮಾಡಬಹುದಾದ ಈ ಲೆಕ್ಕ ನಾವು ಹಿಡಿದ ಎರಡು ಸಲಾಕೆಗಳಿಗಿಂತ ಹೆಚ್ಚು ಕೆಲಸ ಮಾಡುತ್ತಿತ್ತು. ನಾವು ಗಾಲಿಯ ಯಾವ ಬದಿ ಮೇಲಿದೆ ಎಂದು ನೋಡಿಯೂ ಇರಲಿಲ್ಲ.

ಈಗ ರನ್‌ಫ್ಲಾಟ್ ಯಾಕೆ ಬೇರೆ ಎಂಬುದನ್ನು ನೋಡೋಣ. ಸಾಧಾರಣ ಟೈರಿನಲ್ಲಿ ಕಾರಿನ ಭಾರ ಹೊರುವುದು ಮುಖ್ಯವಾಗಿ ಒಳಗಿನ ಗಾಳಿ, ಪಕ್ಕಗೋಡೆ ತೆಳುವಾಗಿದ್ದರೂ ನಡೆಯುತ್ತದೆ. ರನ್‌ಫ್ಲಾಟಿನಲ್ಲಿ ಗಾಳಿ ಹೋದಾಗ ಪಕ್ಕಗೋಡೆಯೇ ಭಾರ ಹೊರಬೇಕಾದ್ದರಿಂದ ಅಲ್ಲಿ ಗಟ್ಟಿ ರಬ್ಬರಿನ ದಪ್ಪ ಪದರ ಸೇರಿಸಿರುತ್ತಾರೆ. ಒಂದೇ ವಸ್ತುವಿನ ಹಾಳೆಯ ದಪ್ಪ ಇಮ್ಮಡಿಯಾದರೆ ಅದು ಬಾಗುವುದಕ್ಕೆ ಒಡ್ಡುವ ಪ್ರತಿರೋಧ ಎಂಟು ಪಟ್ಟಾಗುತ್ತದೆಂದು ನೀವು ಓದಿದ್ದೀರಿ. ಟೈರು ಒಂದೇ ವಸ್ತುವಿನದಲ್ಲ, ಆದರೆ ದಿಕ್ಕು ಅದೇ. ಮೆದು ಪಕ್ಕಗೋಡೆಯಾದರೆ ಎದುರು ಬದಿಯ ಬೀಡ್ ಮೊಣಕಾಲೂರಿದರೆ ತಗ್ಗಿಗೆ ಇಳಿಯುತ್ತದೆ, ಬಹಳ ಸಲ ತಾನಾಗಿಯೇ ಇಳಿಯುತ್ತದೆ. ನಮ್ಮ ಹುಡುಗ ಆ ಬಗೆಯ ಟೈರುಗಳಲ್ಲಿ ಕಲಿತವನು. ತಗ್ಗೊಂದಿದೆ ಎಂದು ಯೋಚಿಸುವ ಅಗತ್ಯವೇ ಅವನಿಗೆ ಬಿದ್ದಿರಲಿಲ್ಲ. ರನ್‌ಫ್ಲಾಟಿನ ಪಕ್ಕಗೋಡೆ ಬೀಡ್ ಅನ್ನು ತಗ್ಗಿನಿಂದ ಮೇಲಕ್ಕೆ ನೂಕುತ್ತಲೇ ಇರುತ್ತದೆ. ದೊಡ್ಡ ಅಂಗಡಿಗಳ ಯಂತ್ರದಲ್ಲಿ ಇದಕ್ಕೆಂದೇ ಒಂದು ಸಹಾಯಕ ತೋಳಿರುತ್ತದೆ. ಅದು ಎದುರು ಬದಿಯನ್ನು ತಗ್ಗಿನಲ್ಲಿ ಒತ್ತಿ ಹಿಡಿದು ಗಾಲಿಯೊಡನೆ ತಿರುಗುತ್ತದೆ. ಆ ತೋಳಿನ ಕೆಲಸ ಬಲ ಹೆಚ್ಚಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ, ಬಳೆಗಾರನ ಹೆಬ್ಬೆರಳಿನ ಹಾಗೆ ಜಾಗ ಮಾಡಿಕೊಡುವುದು.

ಜಾಗವಿಲ್ಲದ ಕಡೆ ನಾವು ಬಲ ಹಾಕಿದೆವು. ಅದೆಷ್ಟು ಬಲ? ಇಲ್ಲಿ ನಮ್ಮ ಸನ್ನೆಯ ಪಾಠವನ್ನೂ ಕಟಕಟೆಗೆ ಕರೆಯಬೇಕು. ಅರ್ಧ ಮೀಟರ್ ಉದ್ದದ ಸಲಾಕೆ, ತುದಿಯಿಂದ ಆಧಾರಬಿಂದುವಿಗೆ 2.5 ಸೆಂಮೀ, ಬಲ ಸುಮಾರು 20 ಪಟ್ಟಾಗುತ್ತದೆ. ನಾನು 250 ನ್ಯೂಟನ್ ಒತ್ತಿದರೆ ತುದಿಯಲ್ಲಿ 5000 ನ್ಯೂಟನ್, ಅರ್ಧ ಟನ್ನಿನ ತೂಕ. ತರಗತಿಯಲ್ಲಿ ನಾವು ಇಲ್ಲಿಗೆ ನಿಲ್ಲಿಸಿ ಆರ್ಕಿಮಿಡೀಸನ ಕಥೆ ಹೇಳುತ್ತೇವೆ. ಆ 5000 ನ್ಯೂಟನ್ ಹೋದದ್ದೆಲ್ಲಿಗೆ ಎಂದು ಯಾವ ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದೇವೆ? ಸಲಾಕೆಯ ತುದಿ ಬೀಡ್‌ಗೆ ತಾಗುವ ಜಾಗ 2 ಚದರ ಸೆಂಮೀ ಎಂದುಕೊಳ್ಳಿ. ಒತ್ತಡ 25 ಮೆಗಾಪಾಸ್ಕಲ್, ವಾಯುಮಂಡಲದ ಒತ್ತಡದ ಸುಮಾರು 250 ಪಟ್ಟು. ಒಳ್ಳೆಯ ಟೈರಿನ ರಬ್ಬರು ಹರಿಯುವ ಎಳೆತವೂ ಇದೇ ದರ್ಜೆಯದು. ಅಂಚು ದಾಟಿದಾಗ ನಾವು ಕೇಳಿದ ಆ ಟಪ್ ಸದ್ದಿಗೆ ಒಂದು ಗೇಣು ರಬ್ಬರು ಬೆಲೆ ತೆತ್ತಿತು. ಮೇಲಿನ ರಬ್ಬರು ಸುಲಿದರೆ ಗಾಳಿ ಸೋರುತ್ತದೆ, ತಂತಿಗೆ ನೀರು ತಾಗುತ್ತದೆ. ತಂತಿಯ ಬಳೆಯೇ ಸೊಟ್ಟಗಾದರೆ ಅದು ಪೀಠದಲ್ಲಿ ಸಮವಾಗಿ ಕೂರುವುದಿಲ್ಲ. ಹೊರಗಿನಿಂದ ಇವೆರಡೂ ಕಾಣುವುದಿಲ್ಲ, ಕಾರು ನೂರರ ವೇಗದಲ್ಲಿ ಓಡುವುದು ಅದೇ ಬಳೆಯ ಮೇಲೆ.

“ಅತಿಯಾದ ಬಲ ಹಾಕಬಾರದು” ಎಂಬ ಚಿತ್ರಪಟದ ಎರಡನೆಯ ಸಾಲು ನನಗೆ ಸಿಟ್ಟು ಬರಿಸುವುದು ಈ ಕಾರಣಕ್ಕೆ. ಎಷ್ಟಾದರೆ ಅತಿ? ಹುಡುಗನ ಕೈಯಲ್ಲಿ ಬಲಮಾಪಕವಿಲ್ಲ. ಅದರ ಬದಲು ಹೀಗೆ ಬರೆಯಬಹುದಿತ್ತು: ಕೊನೆಯ ಭಾಗ ಬಿಗಿಯಾದರೆ ಕೈ ನಿಲ್ಲಿಸು, ಎದುರು ಬದಿಯನ್ನು ನೋಡು, ಅಲ್ಲಿ ಬೀಡ್ ತಗ್ಗಿನಿಂದ ಮೇಲೆದ್ದಿರುತ್ತದೆ. ಇದಕ್ಕೆ ಯಾವ ಮಾಪಕವೂ ಬೇಡ, ಕಣ್ಣು ಸಾಕು.

ಉಳಿದ ಸಾಲುಗಳನ್ನೂ ಇದೇ ಕನ್ನಡಕದಿಂದ ಓದಿದರೆ ಅವು ಬಾಯಿಪಾಠದ ನಿಯಮಗಳಾಗಿ ಉಳಿಯುವುದಿಲ್ಲ. 15 ಡಿಗ್ರಿಯ ಮಾತು ತೆಗೆದುಕೊಳ್ಳಿ. ಜರ್ಮನಿಯ ರಬ್ಬರು ಉದ್ಯಮದ ಒಕ್ಕೂಟವಾದ ಡಬ್ಲ್ಯುಡಿಕೆ ಇಂಥ ಟೈರುಗಳನ್ನು ಏರಿಸಿ ಇಳಿಸುವ ವಿಧಾನಕ್ಕೆ ವಿವರವಾದ ಮಾರ್ಗಸೂಚಿ ಮಾಡಿದೆ, ಯಂತ್ರಗಳನ್ನೂ ಪರೀಕ್ಷಿಸಿ ಪ್ರಮಾಣೀಕರಿಸುತ್ತದೆ. 15 ಡಿಗ್ರಿ, 3.3 ಬಾರ್ ಎಂಬ ಅಂಕಿಗಳ ಮೂಲ ಅಲ್ಲಿನದು. ಬಹಳ ಶ್ರದ್ಧೆಯ ಕೆಲಸ ಅದು. ತಣ್ಣಗಾದ ರಬ್ಬರು ಬಿರುಸಾಗುತ್ತದೆ, ತಗ್ಗಿಗೆ ಬಾಗದೆ ಸಲಾಕೆಗೆ ಸಿಕ್ಕಿ ಹರಿಯುತ್ತದೆ ಎಂಬುದು ಕಾರಣ. ಇದು ಹಿಮ ಬೀಳುವ ದೇಶದ ಮಾತು, ಬಿಸಿಲ ನಾಡಿನ ನಮಗೇಕೆ ಎಂದು ಓದಿದವರಿಗೆ ಅನ್ನಿಸುತ್ತದೆ. ಆದರೆ ಡಿಸೆಂಬರ್, ಜನವರಿಯಲ್ಲಿ ಬೀದರಿನ ಬೆಳಗಿನ ಜಾವದ ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ನಾವು ಕೆಲಸ ಮಾಡಿದ್ದು ಅಂಥದೊಂದು ಬೆಳಿಗ್ಗೆ, ರಾತ್ರಿಯಿಡೀ ಅಂಗಳದಲ್ಲಿ ನಿಂತಿದ್ದ ಕಾರಿನ ಟೈರಿನ ಮೇಲೆ. ಹತ್ತು ಗಂಟೆಯವರೆಗೆ ಗಾಲಿಯನ್ನು ಬಿಸಿಲಿಗಿಟ್ಟು ನಾವು ಉಪ್ಪಿಟ್ಟು ತಿಂದು ಬಂದಿದ್ದರೆ ಬಿಸಿಲು ಪುಕ್ಕಟೆಯಾಗಿ ಅರ್ಧ ಕೆಲಸ ಮಾಡುತ್ತಿತ್ತು. ಕಾರಣ ಬರೆದಿದ್ದರೆ ಇದು ಹುಡುಗನಿಗೇ ಹೊಳೆಯುತ್ತಿತ್ತು.

ಲೇಪನದ ಸಾಲು ಬಳೆಗಾರನ ಸಾಬೂನು. ಒಣ ರಬ್ಬರಿನ ಘರ್ಷಣೆ ಜಾಸ್ತಿ. ಬೀಡ್ ಜಾರದೆ ಅಂಟಿ ನಿಂತರೆ ಎಳೆತವೆಲ್ಲ ಒಂದೇ ಜಾಗಕ್ಕೆ ಬೀಳುತ್ತದೆ. ಇದಕ್ಕೆಂದೇ ಮಾರುವ ಲೇಪನ ಒಣಗಿದ ಮೇಲೆ ಹಿಡಿತ ಬಿಡುವುದಿಲ್ಲ. ಗ್ರೀಸು, ಎಂಜಿನ್ ಎಣ್ಣೆ ಸಲ್ಲದು. ಖನಿಜ ತೈಲ ರಬ್ಬರನ್ನು ಉಬ್ಬಿಸುತ್ತದೆ, ಒಣಗುವುದೂ ಇಲ್ಲ, ಬ್ರೇಕು ಹಾಕಿದಾಗ ರಿಮ್ಮಿನ ಮೇಲೆ ಟೈರು ಜಾರಬಹುದು.

ಸಂವೇದಕದ ಕಥೆಯೂ ತಗ್ಗಿನದೇ. ಅದು ಕವಾಟದ ಬುಡದಲ್ಲಿ, ರಿಮ್ಮಿನ ಒಳಗೆ, ನಾವು ಬೀಡ್ ಅನ್ನು ಇಳಿಸಬೇಕಾದ ಆ ತಗ್ಗಿನಲ್ಲೇ ಅಥವಾ ಅದರ ಮಗ್ಗುಲಲ್ಲೇ ಇರುತ್ತದೆ. ಆದ್ದರಿಂದ ಕವಾಟವಿರುವ ಕಡೆ ಬೀಡ್ ಅನ್ನು ಒತ್ತಿ ಇಳಿಸಬಾರದು, ಬಿಚ್ಚುವಾಗ ಬೀಡ್ ಬಿಡಿಸುವ ಉಪಕರಣವನ್ನು ಅಲ್ಲಿ ಹೂಡಲೂಬಾರದು. ರನ್‌ಫ್ಲಾಟಿಗೆಂದು ಮಾಡಿದ ಗಾಲಿಯ ಪೀಠದ ಪಕ್ಕದಲ್ಲಿ, ಗಾಳಿ ಹೋದಾಗಲೂ ಬೀಡ್ ಕಳಚಿಕೊಳ್ಳದಂತೆ ಎತ್ತರದ ಉಬ್ಬು ಬೇರೆ ಇರುತ್ತದೆ. ಬಿಚ್ಚುವಾಗ ಅದನ್ನು ದಾಟಿಸಲು ಹೆಚ್ಚು ಒತ್ತಬೇಕಾಗುತ್ತದೆ. ಆ ಒತ್ತು ಸಂವೇದಕದ ಮೇಲೆ ಬಿದ್ದರೆ ಪ್ಲಾಸ್ಟಿಕ್ ಉಳಿಯುತ್ತದೆಯೇ? ನಮ್ಮ ಕಾರಿನ ದೀಪ ಕೆಟ್ಟಿರಲಿಲ್ಲ, ಅದು ಸತ್ಯವನ್ನೇ ಹೇಳುತ್ತಿತ್ತು.

3.3 ಬಾರ್ ವಿಷಯ ಸ್ವಲ್ಪ ಹೆಚ್ಚು ಗಂಭೀರ. ಏರಿಸಿದ ಮೇಲೆ ಗಾಳಿ ತುಂಬಿದಾಗ ಬೀಡ್ ಆ ಉಬ್ಬನ್ನು ಜಿಗಿದು ಪೀಠಕ್ಕೆ ಕೂರುತ್ತದೆ. ಕೂರದಿದ್ದರೆ ಇನ್ನಷ್ಟು ಗಾಳಿ ಕೊಡುವ ಆಸೆಯಾಗುತ್ತದೆ. 205/55 ಆರ್ 16 ಟೈರಿನ ಒಂದು ಪಕ್ಕಗೋಡೆಯ ಎದುರುವಿಸ್ತೀರ್ಣ ಸುಮಾರು 0.18 ಚದರ ಮೀಟರ್. ಅಮೆರಿಕದ ಟೈರು ಉದ್ಯಮ ಬೀಡ್ ಕೂರಿಸಲು ಹೇಳುವ ಮಿತಿ 40 ಪಿಎಸ್‌ಐ, ಸುಮಾರು 2.75 ಬಾರ್. ಆ ಒತ್ತಡದಲ್ಲೇ ಪಕ್ಕಗೋಡೆಯ ಮೇಲೆ ಐದು ಟನ್ನಿನ ತೂಕದಷ್ಟು ಬಲವಿರುತ್ತದೆ. ಸಲಾಕೆಯಿಂದ ಪೆಟ್ಟು ತಿಂದ ಬೀಡ್ ಆ ಹೊತ್ತಿನಲ್ಲಿ ತುಂಡಾದರೆ ಬಗ್ಗಿ ನೋಡುತ್ತಿರುವವನ ಮುಖ ಉಳಿಯುವುದಿಲ್ಲ. ಮಿತಿಯಲ್ಲಿ ಕೂರದಿದ್ದರೆ ಗಾಳಿ ಬಿಟ್ಟು, ಲೇಪನ ಹಚ್ಚಿ, ಮತ್ತೆ ಆರಂಭಿಸಬೇಕು. ಹಲಬರ್ಗಾದ ಆ ಅಂಗಡಿಯ ಮಾಪಕದಲ್ಲಿ ಬಾರ್ ಇಲ್ಲ, ಪಿಎಸ್‌ಐ ಮಾತ್ರ ಇದೆ. 3.3 ಬಾರ್ ಎಂದರೆ 48 ಪಿಎಸ್‌ಐ ಎಂದು ಬರೆಯಲು ಎಷ್ಟು ಶಾಯಿ ಬೇಕಿತ್ತು?

ಇನ್ನು ಮೊದಲನೆಯ ಸಾಲು, “ತರಬೇತಿ ಪಡೆದವರೇ ಮಾಡಬೇಕು.” ಮಾತು ನ್ಯಾಯವಾದದ್ದೇ. ಆದರೆ ಅದನ್ನು ಬರೆದವರು ತಮ್ಮ ಜವಾಬ್ದಾರಿ ಅಲ್ಲಿಗೆ ಮುಗಿಯಿತೆಂದುಕೊಂಡಂತಿದೆ. ಗಾಳಿ ಹೋದ ರನ್‌ಫ್ಲಾಟಿನಲ್ಲಿ ಸಾಮಾನ್ಯವಾಗಿ ಗಂಟೆಗೆ 80 ಕಿಮೀ ವೇಗ ಮೀರದೆ 80 ಕಿಮೀ ದೂರ ಹೋಗಬಹುದು. ಅಷ್ಟರೊಳಗೆ ತಕ್ಕ ಅಂಗಡಿ ಸಿಗುತ್ತದೆಂಬ ನಂಬಿಕೆ ಆ ಟೈರಿನ ಕಲ್ಪನೆಯಲ್ಲೇ ಅಡಗಿದೆ. ಹಲಬರ್ಗಾದಿಂದ ಬೀದರು ಆ ಮಿತಿಯೊಳಗಿದೆ, ಹೈದರಾಬಾದು ಮಿತಿಯಾಚೆ. ಸ್ಟೆಪ್ನಿಯಿಲ್ಲದ ಕಾರುಗಳು ಇನ್ನೂ ಹೆಚ್ಚಲಿವೆ. ಟ್ಯೂಬ್‌ರಹಿತ ಟೈರು, ಒತ್ತಡ ಸೂಚಿಸುವ ವ್ಯವಸ್ಥೆ, ತೂತು ಮುಚ್ಚುವ ಸಾಮಗ್ರಿ ಇದ್ದರೆ ಸಣ್ಣ ಪ್ರಯಾಣಿಕ ವಾಹನಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮ ತಿದ್ದಿತು. ಆ ಕಾರುಗಳು ಹಳ್ಳಿಯ ಅಂಗಡಿಯ ಮುಂದೆ ನಿಂತೇ ನಿಲ್ಲುತ್ತವೆ. ತರಬೇತಿಯಿಲ್ಲದ ಹುಡುಗ ಅವನ್ನು ಬಿಚ್ಚಿಯೇ ಬಿಚ್ಚುತ್ತಾನೆ, ನನ್ನಂಥವರು ಪಕ್ಕದಲ್ಲಿ ನಿಂತು “ಹಾಕು ಜೋರು” ಎನ್ನುತ್ತೇವೆ.

ಆ ದಿನ ನಾವು ಮಾಡಬೇಕಾಗಿದ್ದುದು ಬೇರೆ. ಮೊಳೆ ಕೀಳದೆ ಗಾಳಿ ತುಂಬಿ, ನಿಧಾನವಾಗಿ ಬೀದರಿಗೆ ಹೋಗುವುದು. ಟೈರು ಗಾಳಿಯಿಲ್ಲದೆ ಎಷ್ಟು ದೂರ ಓಡಿದೆಯೆಂದು ಬೀಗರನ್ನು ಕೇಳುವುದು. ಹಾಗೆ ಓಡಿದ ಟೈರಿನ ಪಕ್ಕಗೋಡೆ ಒಳಗೇ ಬೆಂದು ಪುಡಿಯಾಗಿರಬಹುದಾದ್ದರಿಂದ ಅದನ್ನು ದುರಸ್ತಿ ಮಾಡಲು ಹೆಚ್ಚಿನ ತಯಾರಕರು ಒಪ್ಪುವುದಿಲ್ಲ. ಚಿತ್ರಪಟದ ಎಂಟನೆಯ ಸಾಲಿನ “ಹಾಳಾದ ಟೈರು” ಎಂಬುದು ಇದನ್ನೂ ಒಳಗೊಳ್ಳುತ್ತದೆಂದು ನನಗಾಗಲಿ ಅವನಿಗಾಗಲಿ ತಿಳಿಯಲಿಲ್ಲ.

ಮರುವರ್ಷ ಊರಿಗೆ ಹೋದಾಗ ಆ ಗುಜರಿ ರಿಮ್ಮನ್ನು ಅಂಗಡಿಗೆ ಒಯ್ದೆ. ಹುಡುಗ ಸುತಳಿ ಹಿಡಿದು ಅಂಚಿನ ಸುತ್ತಳತೆ, ಪೀಠದ ಸುತ್ತಳತೆ, ತಗ್ಗಿನ ಸುತ್ತಳತೆ ಮೂರನ್ನೂ ತೆಗೆದು ನೆಲದ ಮೇಲೆ ಒಂದರ ಪಕ್ಕ ಒಂದು ಚಾಚಿದ. ತುಸು ಹೊತ್ತು ನೋಡಿ, “ಮೊದಲ ಇದನ್ನ ಹೇಳಿದ್ರ ನಾ ಸಲಾಕಿ ಮುಟ್ತಿರಲಿಲ್ರಿ ಸರ್” ಎಂದ. ಅದು ನನಗೆ ಹೇಳಿದ್ದೋ ಚಿತ್ರಪಟಕ್ಕೆ ಹೇಳಿದ್ದೋ ನಾನು ಕೇಳಲಿಲ್ಲ. ಶಿಕ್ಷಕರಾದ ನೀವು ಈ ಸುತಳಿಯ ಪ್ರಯೋಗವನ್ನು ತರಗತಿಯಲ್ಲಿ ಮಾಡಿಸಬಹುದು. ಹಳೆಯ ರಿಮ್ಮು ಯಾವ ಗುಜರಿಯಲ್ಲೂ ಸಿಗುತ್ತದೆ, ಅಂಚು ಹರಿತವಿದ್ದರೆ ಅರದಿಂದ ಉಜ್ಜಿಕೊಳ್ಳಿ.

ಈಗ ಅವನ ಅಂಗಡಿಗೆ ರನ್‌ಫ್ಲಾಟ್ ಬಂದರೆ ಗಾಳಿ ತುಂಬಿ ಬೀದರಿಗೆ ಕಳಿಸುತ್ತಾನೆ. ಚಿತ್ರಪಟ ಅದೇ ಗೋಡೆಯ ಮೇಲಿದೆ. ಆರನೆಯ ಸಾಲಿಗೆ ಕೆಂಪು ಬಣ್ಣದಲ್ಲಿ ಸುತ್ತು ಹಾಕಿದ್ದಾನೆ, ಏಳನೆಯದರ ಪಕ್ಕದಲ್ಲಿ ಪೆನ್ನಿನಿಂದ 48 ಎಂದು ಬರೆದಿದ್ದಾನೆ.